ಪದಚರ್ಚೆ: ಪ್ಯಾರಾಮಿಲಿಟರಿ, ಮಿಲಿಷಿಯಾ ಎರಡಕ್ಕೂ ಒಂದೇ ಪದವೇ? (ತುರ್ತು)

ಗೆಳೆಯರೇ,
ಕಾಲೇಜಿನ ಪ್ರದರ್ಶನಕ್ಕೆ ನಾಲ್ಕು ಫಲಕ ಕನ್ನಡಕ್ಕೆ ತರುತ್ತಿದ್ದೇನೆ. ಅಸ್ಸಾಂ ರೈಫಲ್ಸ್, ಸಿಆರ್‌ಪಿಎಫ್, ಜಮ್ಮು ಕಾಶ್ಮೀರ ಮಿಲಿಷಿಯಾ, ಹೋಂ ಗಾರ್ಡ್ಸ್. ಮೂಲದಲ್ಲಿ ಮೊದಲೆರಡು ಪ್ಯಾರಾಮಿಲಿಟರಿ, ಕೊನೆಯೆರಡು ಮಿಲಿಷಿಯಾ. ಎಲ್ಲಕ್ಕೂ ‘ಅರೆಸೇನಾ ಪಡೆ’ ಅಂತ ಬರೆದರೆ ನಡೆಯುತ್ತಾ? ನಾಳೆ ಮಧ್ಯಾಹ್ನ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.
– ಸು.

> ಎಲ್ಲಕ್ಕೂ ‘ಅರೆಸೇನಾ ಪಡೆ’

ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ ದೋಷ. ‘ಅರೆಪಡೆ’ ಅನ್ನಿ. ಮುಗಿಯಿತು.
– ವೆಂ.

ವೆಂ. ಅವರೇ, ಮುಗಿಯಲಿಲ್ಲ. ‘ಸೇನೆ’ ತದ್ಭವ, ಹಾಗಾಗಿ ‘ಅರೆಸೇನೆ’ಗೆ ದೋಷವಿಲ್ಲ. ಅದರ ಮೇಲೆ ಇನ್ನೊಂದು ‘ಪಡೆ’ ಯಾಕೆ ಅನ್ನುವುದು ಬೇರೆ ಮಾತು. ನಿಮ್ಮ ‘ಅರೆಪಡೆ’ ಓದಿದರೆ ಅರ್ಧ ಜನ ರಜೆ ಮೇಲೆ ಹೋದ ಹಾಗಿದೆ.

ಸು., ವಿಷಯ ವ್ಯಾಕರಣದ್ದಲ್ಲ. ಸಿಆರ್‌ಪಿಎಫ್ 1939ರಲ್ಲಿ ನೀಮಚ್‌ನಲ್ಲಿ ಹುಟ್ಟಿದಾಗಲೂ ಅದರ ಹೆಸರಿನಲ್ಲಿ ಪೊಲೀಸ್ ಇತ್ತು, 1949ರಲ್ಲಿ ಹೆಸರು ಬದಲಾದಾಗಲೂ ಇತ್ತು. 2011ರಿಂದ ಗೃಹ ಸಚಿವಾಲಯವೇ ಪ್ಯಾರಾಮಿಲಿಟರಿ ಬಿಟ್ಟು ‘ಕೇಂದ್ರ ಸಶಸ್ತ್ರ ಪೊಲೀಸ್ ಪಡೆ’ ಅನ್ನುತ್ತಿದೆ. ಅದನ್ನೇ ಹಾಕಿ. ಅಸ್ಸಾಂ ರೈಫಲ್ಸ್ ಮಾತ್ರ ನಿಜಕ್ಕೂ ಅರೆ. 1835ರ ಕಛಾರ್ ಲೆವಿ ಎಂಬ ಪಡೆಯಿಂದ ಬಂದದ್ದು. ಆಡಳಿತ ಗೃಹ ಸಚಿವಾಲಯದ್ದು, ಕಾರ್ಯಾಚರಣೆ ಸೇನೆಯ ಕೈಯಲ್ಲಿ. ಅಲ್ಲಿ ‘ಅರೆಸೇನೆ’ ಸರಿಯಾಗಿ ಕೂರುತ್ತದೆ.

ಮಿಲಿಷಿಯಾ ಅಂದರೆ ಊರಿನ ಜನವೇ ಆಯುಧ ಹಿಡಿದದ್ದು. ಕಾಶ್ಮೀರದ್ದು 1947ರಲ್ಲಿ ದಾಳಿ ತಡೆಯಲು ಸ್ಥಳೀಯರಿಂದ ಕಟ್ಟಿದ್ದು. 1972ರಲ್ಲಿ ಪೂರ್ತಿ ಸೇನೆಗೆ ಸೇರಿತು, 1976ರಲ್ಲಿ ಲೈಟ್ ಇನ್‌ಫೆಂಟ್ರಿ ಆಯಿತು. ಅರೆ ಅಂದರೆ ಯಾವ ಇಸವಿಯ ಅರೆ?
– ಗಿ.

ಮಿಲಿಷಿಯಾಗೆ ನಮ್ಮದೇ ಪದ ಇದೆ: ಕಂದಾಚಾರ! ಇವತ್ತು ಮಡಿ-ಮೈಲಿಗೆಯ ಅರ್ಥಕ್ಕೆ ಇಳಿದಿದೆ, ಅಷ್ಟೇ. ಹೈದರ್, ಟಿಪ್ಪು, ಪೂರ್ಣಯ್ಯನವರ ಕಾಲದ ಮೈಸೂರಿನಲ್ಲಿ ಕಂದಾಚಾರದವರು ಅಂದರೆ ಊರಲ್ಲಿ ಹೊಲ ಉಳುತ್ತಾ, ಕರೆ ಬಂದಾಗ ಕೋಟೆ ಕಾಯುತ್ತಿದ್ದ ಜನ. ಇದಕ್ಕಿಂತ ಮಿಲಿಷಿಯಾ ಇನ್ನೇನು ಬೇಕು? ಮೂಲ ‘ಸ್ಕಂಧಾವಾರ’, ಅಂದರೆ ದಂಡಿನ ಬೀಡು. ಇಪ್ಪತ್ತು ವರ್ಷದಿಂದ ಹೇಳುತ್ತಲೇ ಇದ್ದೇನೆ.
– ಮೈಸೂರಿನಿಂದ, ಶ್ರೀ.

ವಕಾರ ಚಕಾರ ಆದದ್ದು ಹೇಗೆ? ಇಪ್ಪತ್ತು ವರ್ಷದಿಂದ ಕೇಳುತ್ತಲೇ ಇದ್ದೇನೆ.
– ಗಿ.

ಶ್ರೀ. ಸರ್, ಕಥೆ ಚೆನ್ನಾಗಿದೆ. ಆದರೆ ಫಲಕದಲ್ಲಿ ‘ಕಾಶ್ಮೀರದ ಕಂದಾಚಾರ’ ಅಂತ ಹಾಕಿದರೆ ನನ್ನನ್ನು ಊರು ಬಿಡಿಸುತ್ತಾರೆ.
– ಸು.

‘ನಾಡಪಡೆ’ ಅನ್ನಿ. ಅಚ್ಚಗನ್ನಡ. ಸಂಸ್ಕೃತವೂ ಬೇಡ, ಇಂಗ್ಲಿಷೂ ಬೇಡ. ‘ಗೃಹರಕ್ಷಕ ದಳ’ವನ್ನೂ ಕಿತ್ತುಹಾಕಿ, ಕೇಳಿದರೆ ಯಾರದೋ ಮನೆ ವಾಚ್‌ಮನ್ ಅನಿಸುತ್ತದೆ.
– ವೆಂ.

ಗೃಹರಕ್ಷಕ ದಳ ಈ ರಾಜ್ಯದ ಇಲಾಖೆಯ ಹೆಸರು. ತೋಚಿದ ಹಾಗೆ ಕೀಳಲು ಬರುವುದಿಲ್ಲ. ಹೋಂ ಗಾರ್ಡ್ಸ್ ಶುರುವಾದದ್ದು 1946ರ ಡಿಸೆಂಬರ್‌ನಲ್ಲಿ, ಬಾಂಬೆ ಪ್ರಾಂತ್ಯದಲ್ಲಿ, ಗಲಭೆ ಹತ್ತಿಕ್ಕಲು ಪೊಲೀಸರಿಗೆ ಜೊತೆಯಾಗಿ. ಇವರು ಸ್ವಯಂಸೇವಕರು. ಸಿಗುವುದು ಸಂಬಳವಲ್ಲ, ಡ್ಯೂಟಿ ಮಾಡಿದ ದಿನದ ಭತ್ಯೆ.

ಇನ್ನು ಅಚ್ಚಗನ್ನಡದ ಮಾತು. ಸಿಪಾಯಿ, ಹವಾಲ್ದಾರ, ಜಮಾದಾರ ಎಲ್ಲಾ ಎಲ್ಲಿಂದ ಬಂದವು? ಮಿಲಿಟರಿ ಹೋಟೆಲಲ್ಲಿ ಮುದ್ದೆ ನುಂಗುವಾಗ ನಿಮಗೆ ಕನ್ನಡ ನೆನಪಾಗಲ್ವಾ?
– ಗಿ.

ಸಿಪಾಯಿ ಬಂದು ಮುನ್ನೂರು ವರ್ಷವಾಗಿ ಕನ್ನಡವಾಗಿದ್ದಾನೆ. ಮಿಲಿಷಿಯಾವನ್ನು ಬಸ್‌ಸ್ಟ್ಯಾಂಡಲ್ಲಿ ಯಾರಾದರೂ ಅಂದದ್ದು ಕೇಳಿದ್ದೀರಾ? ಸುಮ್ನೆ ವಾದ.
– ವೆಂ.

ಎಲ್ಲರಿಗೂ ವಂದನೆ, ಕಳಿಸಿಬಿಟ್ಟೆ. ಅಸ್ಸಾಂ ರೈಫಲ್ಸ್‌ಗೆ ಅರೆಸೇನೆ, ಸಿಆರ್‌ಪಿಎಫ್‌ಗೆ ಕೇಂದ್ರ ಸಶಸ್ತ್ರ ಪೊಲೀಸ್ ಪಡೆ. ಕಾಶ್ಮೀರದ್ದು ಹೆಸರೇ ಆದ್ದರಿಂದ ಮಿಲಿಷಿಯಾ ಅಂತಲೇ ಬಿಟ್ಟು, ಕೆಳಗೆ ‘ಸ್ಥಳೀಯರ ನಾಡಪಡೆ’ ಅಂತ ಸೇರಿಸಿದೆ. ಗೃಹರಕ್ಷಕ ದಳ ಹಾಗೇ ಇದೆ. ಫ್ಲೆಕ್ಸ್ ಬಂದ ಮೇಲೆ ಫೋಟೊ ಹಾಕುತ್ತೇನೆ.
– ಸು.

ಫ್ಲೆಕ್ಸ್‌ಗೆ ಕನ್ನಡ ಪದ ಇಲ್ಲವೇ?
– ವೆಂ.