ಮೂಲನಿವಾಸಿ ಸಾಹಿತ್ಯ ಪಾಠ ಮಾಡೋಕೆ ಯಾವ ತರಬೇತಿ ಒಳ್ಳೆಯದು? ಅನುಭವ ಇರುವವರು ಹೇಳಿ

ಪ್ರಶ್ನೆ (ಬ್ರಾಂಪ್ಟನ್, ಒಂಟಾರಿಯೊ): ನಾನು ಮೈಸೂರಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವಳು, ಈಗ ಇಲ್ಲಿ ಹೈಸ್ಕೂಲ್ ಟೀಚರ್. ಸೆಪ್ಟೆಂಬರ್‌ನಿಂದ 11ನೇ ತರಗತಿಯ ಎನ್‌ಬಿಇ3ಯು ನನ್ನ ಪಾಲಿಗೆ ಬಂದಿದೆ. ಕೆನಡಾದ ಮೂರು ಮೂಲನಿವಾಸಿ ಗುಂಪುಗಳಾದ ಫಸ್ಟ್ ನೇಷನ್ಸ್, ಮೇಟಿ, ಇನ್ಯೂಟ್ ಲೇಖಕರನ್ನೇ ಓದಿಸುವ ಇಂಗ್ಲಿಷ್ ಕೋರ್ಸ್ ಇದು. ಈ ಸಾಹಿತ್ಯ ನನಗೆ ಹೊಸದು. ಯಾವ ತರಬೇತಿಯಿಂದ ನಿಜವಾಗಿ ಉಪಯೋಗ ಆಯ್ತು ಹೇಳ್ತೀರಾ? ಹೊರಗಿನಿಂದ ಬಂದ ನಾನು ಇದನ್ನು ಪಾಠ ಮಾಡಬಹುದಾ ಅನ್ನೋ ಅಳುಕೂ ಇದೆ.

ಹ್ಯಾಮಿಲ್ಟನ್‌ನಿಂದ ಒಬ್ಬ ಟೀಚರ್: ಇದೇ ಕೋರ್ಸ್ ನಾನೂ ಮಾಡ್ತಿದ್ದೀನಿ ಮೇಡಂ. ಮೊದಲು ಇತಿಹಾಸ ತಿಳಿದುಕೊಳ್ಳಿ, ಕಾದಂಬರಿ ಆಮೇಲೆ. ಆಲ್ಬರ್ಟಾ ವಿಶ್ವವಿದ್ಯಾಲಯದ 'ಇಂಡಿಜಿನಸ್ ಕೆನಡಾ' ಆನ್‌ಲೈನ್ ಕೋರ್ಸ್‌ನಲ್ಲಿ 12 ಪಾಠ ಇವೆ. ಬೇಸಿಗೆ ರಜೆಯಲ್ಲೇ ಮುಗಿಸಬಹುದು. ಅದಾದ ಮೇಲೆ ಫಸ್ಟ್ ನೇಷನ್ಸ್, ಮೇಟಿ, ಇನ್ಯೂಟ್ ಸ್ಟಡೀಸ್ ಎ.ಕ್ಯೂ. (ಟೀಚರ್‌ಗಳಿಗಿರುವ ಹೆಚ್ಚುವರಿ ಅರ್ಹತೆಯ ಕೋರ್ಸ್) ತಗೊಳ್ಳಿ. ಅದು 125 ಗಂಟೆಯದು. ಸೇರುವ ಮೊದಲು ಪಾಠ ಮಾಡುವವರು ಯಾರು ಅಂತ ವಿಚಾರಿಸಿ. ಮೂಲನಿವಾಸಿ ಸಮುದಾಯದವರೇ ಆಗಿದ್ದರೆ ಓದಿನ ದಿಕ್ಕೇ ಬೇರೆ ಆಗುತ್ತೆ.

ಇತಿಹಾಸ ಮೊದಲು ಅಂದಿದ್ದಕ್ಕೆ ಕಾರಣ ಇದೆ. ಇಲ್ಲಿ 1.5 ಲಕ್ಷಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ಮಾಡಿ, ಸರ್ಕಾರ ಮತ್ತು ಚರ್ಚ್‌ಗಳ ರೆಸಿಡೆನ್ಷಿಯಲ್ (ವಸತಿ) ಶಾಲೆಗಳಿಗೆ ಹಾಕಿದರು. ತಾಯಿಮಾತು ಆಡಿದರೆ ಶಿಕ್ಷೆ. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಹಾಗಾಗಿ ನಾವು ಓದಿಸುವ ಎಷ್ಟೋ ಲೇಖಕರ ಅಪ್ಪ ಅಮ್ಮ, ಅಜ್ಜಿ ತಾತಂದಿರು ಇದನ್ನು ಅನುಭವಿಸಿದವರೇ. 1920ರಲ್ಲಿ ಈ ಮಕ್ಕಳಿಗೆ ಶಾಲೆ ಕಡ್ಡಾಯ ಮಾಡಿಸಿದ ಅಧಿಕಾರಿ ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್, ಕೆನಡಾದ ಹೆಸರಾಂತ ಕವಿ ಕೂಡ. ಇಂಗ್ಲಿಷ್ ಸಾಹಿತ್ಯ ಓದಿದ ನಮ್ಮಂಥವರು ಇದನ್ನು ತಿಳಿದಿರಲೇಬೇಕು. ಈ ಶಾಲೆಗಳ ಬಗ್ಗೆ ವಿಚಾರಣೆ ಮಾಡಿದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಏನೇನು ಮಾಡಬೇಕು ಅಂತ 94 ಕರೆ ಕೊಟ್ಟಿತಲ್ಲ, ಅದರಲ್ಲಿ 62 ಮತ್ತು 63ನೆಯವು ಶಾಲೆಗೆ, ಶಿಕ್ಷಕರ ತಯಾರಿಗೆ ಸಂಬಂಧಿಸಿದ್ದು. ಎರಡನ್ನೂ ಒಮ್ಮೆ ಓದಿ.

ಕಿಚನರ್‌ನಿಂದ: ನನ್ನನ್ನು ಅಲ್ಲಾಡಿಸಿದ್ದು ಬ್ಲಾಂಕೆಟ್ ಎಕ್ಸರ್ಸೈಜ್. ನಮ್ಮ ಶಾಲೆಯಲ್ಲಿ ಟೀಚರ್‌ಗಳಿಗೆಲ್ಲ ಮಾಡಿಸಿದ್ದರು. ನೆಲದ ತುಂಬ ಕಂಬಳಿ ಹಾಸ್ತಾರೆ, ಅದೇ ಈ ನಾಡು. ಶೂ ಬಿಚ್ಚಿ ಎಲ್ಲರೂ ಅದರ ಮೇಲೆ ಓಡಾಡಬೇಕು. ಒಬ್ಬರು ಒಪ್ಪಂದ, ಕಾನೂನು ಒಂದೊಂದಾಗಿ ಓದ್ತಾ ಹೋದ ಹಾಗೆ ಕಂಬಳಿ ಮಡಚ್ತಾ ಬರ್ತಾರೆ. ಕೈಗೆ ಕೊಟ್ಟ ಚೀಟಿಯ ಬಣ್ಣ ಕೂಗಿದಾಗ ಆ ಬಣ್ಣದವರು ಕಂಬಳಿಯಿಂದ ಇಳಿಯಬೇಕು. ಅವರು ಸಿಡುಬಿಗೆ ಸತ್ತವರು. ಕೊನೆಗೆ ಎರಡು ಪಾದ ಊರುವಷ್ಟು ಜಾಗ ಉಳಿದಿತ್ತು. ಆಮೇಲೆ ವೃತ್ತದಲ್ಲಿ ಕೂತು ಮಾತಾಡುವುದೇ ಮುಖ್ಯ. ಅದನ್ನು ಬಿಟ್ಟು ಅವಸರದಲ್ಲಿ ಮುಗಿಸುವ ಕಡೆ ಹೋಗಬೇಡಿ.

ಲೈಬ್ರರಿಯಲ್ಲಿ ಕೆಲಸ ಮಾಡುವ ಒಬ್ಬರು: ಪುಸ್ತಕ ಆರಿಸುವಾಗ ಲೇಖಕರು ಯಾವ ನೇಷನ್‌ನವರು, ಅಂದರೆ ಯಾವ ಮೂಲನಿವಾಸಿ ಜನಾಂಗದವರು ಅಂತ ನೋಡಿ, ತರಗತಿಯಲ್ಲೂ ಅದನ್ನೇ ಹೇಳಿ. 'ಮೂಲನಿವಾಸಿ ಲೇಖಕ' ಅಂತ ಸುಮ್ನೆ ಒಂದೇ ಗುಂಪಿಗೆ ಹಾಕಬಾರದು. ರಿಚರ್ಡ್ ವಾಗಮೀಸ್ ಒಜಿಬ್ವೆ, ಈಡನ್ ರಾಬಿನ್ಸನ್ ಹೈಸ್ಲಾ ಮತ್ತು ಹೈಲ್ಟ್ಸುಕ್, ಕ್ಯಾಥರೀನಾ ವರ್ಮೆಟ್ ಮೇಟಿ. ಅವರ ನೆಲ ಬೇರೆ, ಮಾತು ಬೇರೆ. ಇನ್ನೊಂದು ವಿಷಯ. ಒಜಿಬ್ವೆಯವರೂ ಸೇರಿರುವ ಅನಿಶಿನಾಬೆ ಜನರ ಕೆಲವು ಕಥೆಗಳನ್ನು ಹಿಮ ಬಿದ್ದಿರುವ ಕಾಲದಲ್ಲಿ ಮಾತ್ರ ಹೇಳಬೇಕು. ಅಂಥದ್ದು ಪಾಠದಲ್ಲಿದ್ದರೆ ಚಳಿಗಾಲಕ್ಕೆ ಇಟ್ಟುಕೊಳ್ಳಿ. ಪುಸ್ತಕ ಕೊಳ್ಳೋಕೆ ಬ್ರಾಂಟ್‌ಫರ್ಡ್‌ನ ಗುಡ್‌ಮೈಂಡ್ಸ್ ಇದೆ, ಮೂಲನಿವಾಸಿಗಳದೇ ಅಂಗಡಿ.

ಮಿಸ್ಸಿಸಾಗಾದಿಂದ: ಅಳುಕಿನ ಬಗ್ಗೆ ಕೇಳಿದಿರಲ್ಲ. 2021ರಿಂದ ಕೆನಡಾ ಪೌರತ್ವದ ಪ್ರಮಾಣವಚನದಲ್ಲಿ ಮೂಲನಿವಾಸಿಗಳ ಒಪ್ಪಂದದ ಹಕ್ಕುಗಳ ಮಾತೂ ಸೇರಿದೆ. ಮೇಲೆ ಹೇಳಿದ ಆಯೋಗದ 94ನೇ ಕರೆ ಕೇಳಿದ್ದು ಅದನ್ನೇ. ನೀವಿರುವ ಬ್ರಾಂಪ್ಟನ್, ಬ್ರಿಟಿಷರ ಜೊತೆ ಆದ 1818ರ ಅಜೆಟೆನ್ಸ್ ಒಪ್ಪಂದದ ನೆಲ, ಮಿಸ್ಸಿಸಾಗಾಸ್ ಆಫ್ ದ ಕ್ರೆಡಿಟ್ ಅನ್ನೋ ಮೂಲನಿವಾಸಿ ಜನರದ್ದು. ಅಲ್ಲಿ ಮನೆ ಮಾಡಿರುವ ನಮ್ಮವರೂ ಆ ಒಪ್ಪಂದದ ಒಳಗೇ ಇದ್ದೀವಿ, ಅಲ್ವಾ? ನಿಮ್ಮ ತರಗತಿಯಲ್ಲಿ ಪಂಜಾಬಿ, ತಮಿಳು, ಕನ್ನಡ ಮನೆಗಳ ಮಕ್ಕಳು ಇದ್ದರೆ ಇಲ್ಲಿಂದಲೇ ಶುರು ಮಾಡಿ. 'ಇದು ನಮ್ಮ ಇತಿಹಾಸ ಅಲ್ಲ' ಅನ್ನೋ ಮಾತು ಕಡಿಮೆ ಆಗುತ್ತೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂಲನಿವಾಸಿ ಸಮುದಾಯದ ಹಿರಿಯರಾದ ಎಲ್ಡರ್ ಒಬ್ಬರನ್ನು ತರಗತಿಗೆ ಕರೆಯೋಣ ಅಂತಿದೆ. ಹೇಗೆ ಕೇಳೋದು?

ಹ್ಯಾಮಿಲ್ಟನ್‌ನಿಂದ ಅದೇ ಟೀಚರ್: ನಿಮ್ಮ ಸ್ಕೂಲ್ ಬೋರ್ಡ್‌ನಲ್ಲಿ ಮೂಲನಿವಾಸಿ ಶಿಕ್ಷಣ ನೋಡಿಕೊಳ್ಳುವವರು ಇರ್ತಾರೆ, ಅವರ ಮೂಲಕವೇ ಹೋಗಿ. ನಮ್ಮ ಕಡೆ ಅನಿಶಿನಾಬೆ ಹಿರಿಯರಲ್ಲಿ ಏನಾದರೂ ಕೇಳಿಕೊಳ್ಳುವಾಗ ತಂಬಾಕು ಕೊಡುವ ಪದ್ಧತಿ ಇದೆ. ಊರಲ್ಲಿ ಎಲೆ ಅಡಿಕೆ ಕೊಟ್ಟು ಕರೆದ ಹಾಗೆ ಅಂದುಕೊಳ್ಳಿ. ಇನ್ಯೂಟ್ ಜನರಲ್ಲಿ ಈ ಪದ್ಧತಿ ಇಲ್ಲ, ಹಾಗಾಗಿ ಮೊದಲೇ ವಿಚಾರಿಸಿ. ಗೌರವಧನ ಆವತ್ತೇ ಕೈಗೆ ಸಿಗುವಂತೆ ಆಫೀಸಿನಲ್ಲಿ ಮುಂಚೆಯೇ ಮಾತಾಡಿ. ಹಿರಿಯರನ್ನು ತಿಂಗಳುಗಟ್ಟಲೆ ಕಾಯಿಸಬಾರದು.

ಇನ್ನು ಪಾಠದ ಕ್ರಮ. ಶಾಲೆಗಳ ನೋವಿನ ಕಥೆಯಿಂದ ಶುರು ಮಾಡಬೇಡಿ. ಡ್ರೂ ಹೇಡನ್ ಟೇಲರ್ ಅವರ ಹಾಸ್ಯ ನಾಟಕ ಒಂದನ್ನು ಮೊದಲು ಓದಿಸಿ. ಈ ಜನ ನಗ್ತಾರೆ, ಜಗಳ ಆಡ್ತಾರೆ, ಪ್ರೀತಿ ಮಾಡ್ತಾರೆ ಅಂತ ಮಕ್ಕಳಿಗೆ ಗೊತ್ತಾಗಲಿ. ಆಮೇಲೆ ಆ ಶಾಲೆಗಳ ಕಥೆ ಹೇಳುವ ವಾಗಮೀಸ್‌ಗೆ ಬನ್ನಿ. ಅದಕ್ಕೂ ಒಂದು ವಾರ ಮೊದಲು ಮುಂದೆ ಏನು ಬರುತ್ತೆ ಅಂತ ಮಕ್ಕಳಿಗೂ ಮನೆಯವರಿಗೂ ತಿಳಿಸಿ. ತರಗತಿಯಲ್ಲಿ ಮೂಲನಿವಾಸಿ ಹುಡುಗಿ ಒಬ್ಬಳಿದ್ದರೆ 'ನೀನು ಹೇಳಮ್ಮ' ಅಂತ ಅವಳ ಕಡೆ ತಿರುಗಬೇಡಿ. ಅವಳಾಗಿ ಮಾತಾಡಿದರೆ ಕೇಳಿ.