ಅಪ್‌ಡೇಟ್: ‘ಇಸ್ಕ್ರಾ’ ಕೈಬದಲಾದದ್ದು ಹೇಗೆ

ಹಿಂದಿನ ಪ್ರಶ್ನೆ ಇಷ್ಟೇ: 1903ರ ರಷ್ಯನ್ ಸೋಶಿಯಲ್ ಡೆಮಾಕ್ರಾಟರ (ಮಾರ್ಕ್ಸ್‌ವಾದಿ ಪಕ್ಷದವರ) ಮಹಾಧಿವೇಶನದಲ್ಲಿ ಬಹುಮತ ಲೆನಿನ್ ಬಣಕ್ಕೆ ಸಿಕ್ಕಿದ್ದರೂ ಪಕ್ಷದ ಪತ್ರಿಕೆ ‘ಇಸ್ಕ್ರಾ’ ಕೆಲವೇ ತಿಂಗಳಲ್ಲಿ ಎದುರಿನ ಮಾರ್ತೊವ್ ಬಣದ ಪಾಲಾದದ್ದು ಹೇಗೆ? ಉತ್ತರಗಳನ್ನು ಸಂಚಿಕೆ ಸಂಖ್ಯೆಗಳ ಜೊತೆ ತಾಳೆ ನೋಡಿದ ಮೇಲೆ ಗಂಟು ಬಿಚ್ಚಿತು.

ಆ ಬಹುಮತವೇ ತೆಳು. ಪಕ್ಷದ ಸದಸ್ಯ ಯಾರು ಎಂಬ ನಿಯಮದ ಮತದಾನದಲ್ಲಿ 28–22ರಿಂದ ಗೆದ್ದವರು ಮಾರ್ತೊವ್. ಆಮೇಲೆ ಅವರ ಪರ ಮತ ಹಾಕಿದ್ದ ಬುಂದ್‌ನ (ಯಹೂದಿ ಕಾರ್ಮಿಕರ ಸಂಘಟನೆಯ) ಐವರು, ರಾಜಕೀಯಕ್ಕಿಂತ ಕೂಲಿ-ಕೆಲಸದ ಹೋರಾಟಕ್ಕೆ ಒತ್ತು ಕೊಡುತ್ತಿದ್ದ ‘ಆರ್ಥಿಕವಾದಿ’ಗಳಿಬ್ಬರು ಎದ್ದುಹೋದರು, ಲೆಕ್ಕ ತಿರುವುಮುರುವಾಯಿತು. ‘ಇಸ್ಕ್ರಾ’ದ ಆರು ಜನರ ಸಂಪಾದಕ ಮಂಡಳಿ ಮೂರಕ್ಕಿಳಿಯಿತು: ಪ್ಲೆಖಾನೊವ್, ಲೆನಿನ್, ಮಾರ್ತೊವ್. ಅಕ್ಸೆಲ್‌ರೋದ್, ಜಸೂಲಿಚ್, ಪೊತ್ರೆಸೊವ್ ಹೊರಗೆ. (ಜಸೂಲಿಚ್‌ರಂಥ ಹಿರಿಯರನ್ನು ಬಿಟ್ಟದ್ದು ನಿಯಮದ ಜಗಳಕ್ಕಿಂತ ಹೆಚ್ಚು ಉರಿಸಿರಬೇಕು.) ಮಾರ್ತೊವ್ ಕೂರಲು ಒಪ್ಪಲಿಲ್ಲ. 46ರಿಂದ 51ನೇ ಸಂಚಿಕೆವರೆಗೆ ಉಳಿದಿಬ್ಬರೇ ನಡೆಸಿದರು.

ನನ್ನ ಪ್ರಶ್ನೆಯಲ್ಲಿದ್ದ ತಪ್ಪು, ಅಧಿವೇಶನದ ಮತವೇ ಪತ್ರಿಕೆಯನ್ನು ಕಾಯುತ್ತದೆ ಎಂದುಕೊಂಡದ್ದು. ನಿಜವಾದ ಕೀಲಿ ಹೊಸ ಸಂಪಾದಕರನ್ನು ಸೇರಿಸಿಕೊಳ್ಳುವ ಅಧಿಕಾರ. ರಾಜಿಗೆಂದು ಪ್ಲೆಖಾನೊವ್ ಹಳಬರನ್ನು ಕರೆಯಲು ಹೊರಟಾಗ ಲೆನಿನ್ ನವೆಂಬರ್ 1ರಂದು ರಾಜೀನಾಮೆ ಕೊಟ್ಟರು. ಇನ್ನು ತಡೆಯುವವರಿಲ್ಲ, ಒಬ್ಬರೇ ಉಳಿದ ಪ್ಲೆಖಾನೊವ್ ಮಾರ್ತೊವ್ ಮತ್ತು ಹೊರಗಿದ್ದ ಮೂವರು, ಹೀಗೆ ನಾಲ್ವರನ್ನೂ ಸೇರಿಸಿಕೊಂಡರು. 52ರಿಂದ ಪತ್ರಿಕೆ ಮೆನ್ಶೆವಿಕರದು (ಮಾರ್ತೊವ್ ಬಣದ ಹೆಸರು), 1905ರಲ್ಲಿ 112ನೇ ಸಂಚಿಕೆಗೆ ನಿಂತಿತು. ಪತ್ರಿಕೆ ಕಳಕೊಂಡ ಲೆನಿನ್ ಬಣ 1905ರ ಜನವರಿಯಲ್ಲಿ ಜಿನೀವಾದಿಂದಲೇ ‘ವ್ಪೆರ್ಯೋದ್’ ಎಂಬ ತನ್ನದೇ ಪತ್ರಿಕೆ ಹೊರಡಿಸಿತು.