ಫ್ರೀಕ್ಯಾಡ್: ಸ್ಕೆಚ್ ಮುಚ್ಚಿಕೊಂಡಂತೆ ಕಾಣುತ್ತೆ, ಆದ್ರೂ ಪ್ಯಾಡ್ ಆಗ್ತಿಲ್ಲ

ಪ್ರಶ್ನೆ:
ನಮಸ್ಕಾರ. ಡಿಪ್ಲೊಮಾ ಓದುವಾಗ ಆಟೊಕ್ಯಾಡ್‌ನಲ್ಲಿ 2ಡಿ ಡ್ರಾಯಿಂಗ್ ಮಾಡಿದ್ದೆ. 3ಡಿ ಪೂರ್ತಿ ಹೊಸದು. ತೋಟದ 16 ಮಿ.ಮೀ. ಡ್ರಿಪ್ ಪೈಪನ್ನು ಹಲಗೆಗೆ ಹಿಡಿದಿಡಲು ಕ್ಲಾಂಪ್ ಬೇಕಿತ್ತು. ನಾನೇ ಡಿಸೈನ್ ಮಾಡಿ ಪ್ರಿಂಟ್ ಹಾಕಿಸೋಣ ಅಂತ ಉಬುಂಟುವಿನಲ್ಲಿ ಫ್ರೀಕ್ಯಾಡ್ 0.19 (3ಡಿ ಡಿಸೈನ್ ಸಾಫ್ಟ್‌ವೇರ್) ಹಾಕಿಕೊಂಡೆ. ನಡುವೆ ಕಮಾನು, ಎರಡು ಕಡೆ ಸ್ಕ್ರೂಗೆ ಚಪ್ಪಟೆ ಕಾಲು, ದಪ್ಪ 3 ಮಿ.ಮೀ. ಇಷ್ಟೇ ಆಕಾರ. ಸ್ಕೆಚ್ (2ಡಿ ಆಕೃತಿ) ಎಳೆದು, ಅದಕ್ಕೆ ದಪ್ಪ ಕೊಡುವ ಪ್ಯಾಡ್ ಒತ್ತಿದರೆ ವೈರ್ (ಆಕೃತಿಯ ಅಂಚಿನ ಗೆರೆ) ಮುಚ್ಚಿಲ್ಲ ಅನ್ನುವ ಎರರ್. ಎಷ್ಟು ಝೂಮ್ ಮಾಡಿದರೂ ಸಂದು ಕಾಣುವುದಿಲ್ಲ. ಕಮಾನು ನೇರ ಗೆರೆಗೆ ಸೇರುವಲ್ಲಿ ಎರಡನ್ನೂ ಸೆಲೆಕ್ಟ್ ಮಾಡಿ ಟ್ಯಾಂಜೆಂಟ್ ಕೊಟ್ಟಿದ್ದೇನೆ.

ಉತ್ತರ:
ನಿಮ್ಮ ಕೊನೆಯ ಸಾಲಿನಲ್ಲೇ ಸುಳಿವು ಇದೆ ಸರ್. ಗೆರೆ ಮತ್ತು ಕಮಾನನ್ನು ಆರಿಸಿ ಟ್ಯಾಂಜೆಂಟ್ ಕೊಟ್ಟರೆ "ಇವೆರಡೂ ಸ್ಪರ್ಶಿಸುವ ದಿಕ್ಕಿನಲ್ಲಿರಲಿ" ಅಂತ ಮಾತ್ರ ಹೇಳಿದ ಹಾಗೆ. ತುದಿಗಳು ಒಂದೇ ಬಿಂದು ಅಂತ ಹೇಳಿದಂತಾಗಲಿಲ್ಲ. ಪರೀಕ್ಷೆ ಸುಲಭ: ಕಮಾನಿನ ತುದಿಯನ್ನು ಮೌಸ್‌ನಲ್ಲಿ ಹಿಡಿದು ಎಳೆಯಿರಿ. ಗೆರೆ ಜೊತೆಗೆ ಬರದೆ ಹಿಂದೆ ಉಳಿದರೆ ಅಲ್ಲಿ ಕೊಂಡಿಯೇ ಇಲ್ಲ.

ಆ ಟ್ಯಾಂಜೆಂಟ್ ಅಳಿಸಿ. ಈ ಸಲ ಗೆರೆಯ ತುದಿಯ ಬಿಂದು, ಕಮಾನಿನ ತುದಿಯ ಬಿಂದು, ಇವೆರಡನ್ನು ಆರಿಸಿ ಟ್ಯಾಂಜೆಂಟ್ ಕೊಡಿ. ಆಗ ಸೇರುವಿಕೆ, ಸ್ಪರ್ಶ ಎರಡೂ ಒಟ್ಟಿಗೆ ಬರುತ್ತವೆ. ಒಳಗಿನ ಕಮಾನು, ಹೊರಗಿನ ಕಮಾನು ಸೇರಿ ಇಂಥ ಜಾಗ ನಾಲ್ಕು ಇರಬೇಕು, ನಾಲ್ಕನ್ನೂ ನೋಡಿ.

ಸ್ಕೆಚ್ ಮುಚ್ಚಿ ಹೊರಬಂದು ಮೆನುವಿನಲ್ಲಿ ವ್ಯಾಲಿಡೇಟ್ ಸ್ಕೆಚ್ ತೆರೆದರೆ ಬಿಟ್ಟುಹೋದ ಕೊಂಡಿಗಳನ್ನು ಅದೇ ಹುಡುಕಿ ಕೊಡುತ್ತದೆ. ಆದರೆ ಫಿಕ್ಸ್ ಒತ್ತಿ ಅಷ್ಟಕ್ಕೇ ಬಿಡಬೇಡಿ. ಹತ್ತಿರದ ಬಿಂದುಗಳನ್ನು ಅದು ಅಂಟಿಸುತ್ತದೆ ಅಷ್ಟೇ, ಸ್ಕೆಚ್ ಯಾಕೆ ಹಾಗಾಯಿತು ಅನ್ನುವುದು ನಿಮಗೆ ತಿಳಿಯುವುದಿಲ್ಲ.

ಆಟೊಕ್ಯಾಡ್ ಕೈ ಪಳಗಿದವರಿಗೆ ಎಡವುವ ಜಾಗ ಇದೇ. ಅಲ್ಲಿ ಅಳತೆ ಕೊಟ್ಟು ಗೆರೆ ಎಳೆದರೆ ಕೆಲಸ ಮುಗಿಯಿತು. ಇಲ್ಲಿ ಎಳೆದ ಗೆರೆ ಬರೀ ಕರಡು, ನಿಜವಾದ ಡ್ರಾಯಿಂಗ್ ಅಂದರೆ ಕನ್‌ಸ್ಟ್ರೇಂಟ್‌ಗಳು, ಅಂದರೆ ಗೆರೆಗಳಿಗೆ ನೀವು ಹಾಕುವ ನಿಯಮ, ಅಳತೆಗಳು. ಲೆಕ್ಕ ಹೀಗೆ: ಒಂದು ಗೆರೆಗೆ ಎರಡು ತುದಿ, ಹಾಗಾಗಿ 4 ಡಿಗ್ರಿ ಆಫ್ ಫ್ರೀಡಂ (ಇನ್ನೂ ಅಲುಗಾಡಬಲ್ಲ ದಾರಿಗಳು). ಒಂದು ಆಯತ ಮಾಡಲು ನಾಲ್ಕು ಬಿಡಿ ಗೆರೆ ಎಳೆದರೆ 16. ನಾಲ್ಕು ಮೂಲೆ ಸೇರಿಸಿದರೆ 8 ಹೋಗುತ್ತದೆ, ಅಡ್ಡ ಮತ್ತು ಲಂಬ ಮಾಡಿದರೆ ಇನ್ನೂ 4 ಹೋಗುತ್ತದೆ. ಉಳಿದ 4ರಲ್ಲಿ ಉದ್ದ, ಅಗಲ ಎರಡು, ಆಯತ ಎಲ್ಲಿ ಕೂರಬೇಕು ಅನ್ನುವುದು ಎರಡು. ಎಲ್ಲಾ ತುಂಬಿದಾಗ ಬಿಳಿ ಗೆರೆಗಳು ಹಸಿರಾಗುತ್ತವೆ. ನಿಮ್ಮ ಕ್ಲಾಂಪ್ ಹಸಿರಾಗುವವರೆಗೆ ಪ್ಯಾಡ್ ಮುಟ್ಟಬೇಡಿ. ಎಡ-ಬಲಕ್ಕೆ ಸಿಮೆಟ್ರಿ ಕೊಟ್ಟರೆ ಅರ್ಧ ಅಳತೆ ಹಾಕುವುದೇ ಬೇಡ.

ಪ್ರಶ್ನೆ ಕೇಳಿದವರು:
ಪ್ಯಾಡ್ ಆಯ್ತು ಸರ್, ತುಂಬಾ ಥ್ಯಾಂಕ್ಸ್! ಎಳೆದು ನೋಡಿದಾಗ ಒಳಗಿನ ಕಮಾನಿನ ಬಲತುದಿ ಬಿಚ್ಚಿಕೊಂಡು ಬಂತು. ಈಗ ಇನ್ನೊಂದು ತೊಂದರೆ. ಕಾಲಿನ ಮೇಲ್ಮೈ ಮೇಲೆ ಸ್ಕೆಚ್ ಹಾಕಿ ಸ್ಕ್ರೂ ತೂತು ಕೊರೆದೆ. ಆಮೇಲೆ ಮೊದಲ ಸ್ಕೆಚ್‌ಗೆ ಹೋಗಿ ಕಾಲಿನ ಮೂಲೆ ಓರೆ ಮಾಡಲು ಒಂದು ಗೆರೆ ಸೇರಿಸಿದ್ದೇ ತಡ, ತೂತು ಬೇರೆ ಮುಖಕ್ಕೆ ಹೋಗಿ ಕೂತಿದೆ.

ಉತ್ತರ:
ಇದಕ್ಕೆ ಟೋಪೊಲಾಜಿಕಲ್ ನೇಮಿಂಗ್ ಸಮಸ್ಯೆ ಅಂತಾರೆ. ನಿಮ್ಮ ತಪ್ಪಲ್ಲ. ಮುಖಗಳಿಗೆ ಸಾಫ್ಟ್‌ವೇರ್ ತಾನೇ ನಂಬರ್ ಕೊಟ್ಟುಕೊಂಡಿರುತ್ತದೆ. ಹೊಸ ಗೆರೆ ಬಂದಾಗ ಹೊಸ ಮುಖ ಹುಟ್ಟಿ ನಂಬರ್ ಪಲ್ಲಟವಾಯಿತು, ಹಳೆ ನಂಬರ್ ನಂಬಿಕೊಂಡಿದ್ದ ತೂತಿನ ಸ್ಕೆಚ್ ದಾರಿ ತಪ್ಪಿತು. 2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿಯಲ್ಲಿ ಇದು ಬಹಳ ಸುಧಾರಿಸಿದೆ. ಆಪ್‌ಇಮೇಜ್ (ನೇರವಾಗಿ ಓಡುವ ಒಂದೇ ಫೈಲ್) ಇಳಿಸಿಕೊಂಡರೆ ಇನ್‌ಸ್ಟಾಲ್ ಮಾಡುವ ಗೋಜಿಲ್ಲ.

ಹೊಸ ಆವೃತ್ತಿ ಇದ್ದರೂ ಒಂದು ಅಭ್ಯಾಸ ಈಗಲೇ ಮಾಡಿಕೊಳ್ಳಿ: ತೂತಿನ ಸ್ಕೆಚ್ಚನ್ನು ಮಾಡೆಲ್‌ನ ಮುಖದ ಮೇಲೆ ಇಡದೆ ಮೂಲದ ಎಕ್ಸ್‌ವೈ ಪ್ಲೇನ್ (ನೆಲದಂತೆ ಮಲಗಿದ ಸಮತಲ) ಮೇಲೆ ಇಡಿ. ಮೊದಲ ಸ್ಕೆಚ್ ಎಕ್ಸ್‌ಜೆಡ್ ಪ್ಲೇನ್‌ನಲ್ಲಿದ್ದು (ನೆಟ್ಟಗೆ ನಿಂತ ಸಮತಲ) ಕಾಲಿನ ತಳ ಎಕ್ಸ್ ಅಕ್ಷದ ಮೇಲೆ ಕೂತಿದ್ದರೆ ಇದು ಸಲೀಸು. ಪ್ಯಾಡ್‌ನಲ್ಲಿ ಸಿಮೆಟ್ರಿಕ್ ಟಿಕ್ ಮಾಡಿದರೆ ತೂತಿನ ಕೇಂದ್ರ ಎಕ್ಸ್ ಅಕ್ಷದ ಮೇಲೆಯೇ ಬರುತ್ತದೆ. ಆಮೇಲೆ ಪಾಕೆಟ್ (ಕೊರೆಯುವ ಆಜ್ಞೆ), ಅದರಲ್ಲಿ ಥ್ರೂ ಆಲ್ (ಆರಪಾರ). ಏನೂ ಕೊರೆಯದಿದ್ದರೆ ರಿವರ್ಸ್ಡ್ ಟಿಕ್ ಮಾಡಿ, ಅದು ಕೆಳಮುಖವಾಗಿ ಗಾಳಿಯಲ್ಲಿ ಕೊರೆಯುತ್ತಿರುತ್ತದೆ.

ಇನ್ನೊಬ್ಬ ಸದಸ್ಯರು:
ಪ್ರಿಂಟ್‌ಗೆ ಕೊಡುವ ಮುಂಚೆ ಒಂದು ಮಾತು. ಪೈಪ್ 16 ಅಂತ ಒಳವ್ಯಾಸ ಸರಿಯಾಗಿ 16 ಇಡಬೇಡಿ, ಬಿಗಿಯಾಗುತ್ತದೆ. 16.4 ಇಟ್ಟು ಒಂದೇ ಒಂದು ಮಾಡಿಸಿ ನೋಡಿ, ಪೈಪಿಗೆ ಹಾಕಿ ನೋಡಿದ ಮೇಲೆ ಉಳಿದವಕ್ಕೆ ಹೇಳಿ. ಬಿಸಿಲಲ್ಲಿ ಇರುವ ವಸ್ತು, ಪಿಎಲ್‌ಎ ಪ್ಲಾಸ್ಟಿಕ್ ಬೇಡ, ಅದು 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಪಿಇಟಿಜಿ ಕೇಳಿ.

ಪ್ರಶ್ನೆ ಕೇಳಿದವರು:
ಎಕ್ಸ್‌ವೈಗೆ ಬದಲಿಸಿದೆ, ಮೂಲೆ ಓರೆ ಮಾಡಿದರೂ ತೂತು ಅಲ್ಲೇ ನಿಂತಿದೆ. ಒಳವ್ಯಾಸ 16.4 ಮಾಡಿ ಪ್ರಿಂಟ್‌ಗೆ ಕೊಡುವ ಎಸ್‌ಟಿಎಲ್ ಫೈಲ್ ತೆಗೆದಿಟ್ಟಿದ್ದೇನೆ. ಪಿಇಟಿಜಿ ಸಿಗುವ ಪ್ರಿಂಟಿಂಗ್ ಅಂಗಡಿ ವಿಚಾರಿಸಬೇಕು.